ಪಿಯು ಕಂಪ್ಯೂಟರ್ ಸೈನ್ಸ್ ಓದೋದು ಹೇಗೆ? ಮೊದಲು ಪೆನ್ಸಿಲ್ ತಗೊಳ್ಳಿ

ನಾನು ಪಿಯುಸಿ ಓದುವಾಗ ಕಂಪ್ಯೂಟರ್ ಅಂದರೆ ಒಂದು ನೀಲಿ ಪರದೆ. ಟರ್ಬೊ ಸಿ ಪ್ಲಸ್ ಪ್ಲಸ್, ಅಂದರೆ ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಪ್ರೋಗ್ರಾಂ ಬರೆದು ಓಡಿಸುವ ಸಾಫ್ಟ್‌ವೇರ್. ಆಲ್ಟ್ ಜೊತೆ ಎಫ್9 ಒತ್ತಿದರೆ ಕಂಪೈಲ್, ಕಂಟ್ರೋಲ್ ಜೊತೆ ಎಫ್9 ಒತ್ತಿದರೆ ರನ್, ಉತ್ತರ ನೋಡಲು ಆಲ್ಟ್ ಜೊತೆ ಎಫ್5. ಒಂದು ಕಂಪ್ಯೂಟರಿಗೆ ಮೂರು ಜನ ಕೂರುತ್ತಿದ್ದೆವು. ಕೀಬೋರ್ಡು ಯಾವಾಗಲೂ ನಡುವೆ ಕೂತವಳದ್ದು. ನಾನು ಅಂಚಿನವಳು.

ಒಂದು ದಿನ ಫ್ಯಾಕ್ಟೋರಿಯಲ್ ಪ್ರೋಗ್ರಾಂ ಇತ್ತು, ಅಂದರೆ 1ರಿಂದ ಕೊಟ್ಟ ಸಂಖ್ಯೆಯ ತನಕ ಎಲ್ಲವನ್ನೂ ಗುಣಿಸೋದು. ನಡುವಿನವಳು ರಜೆ, ಕೀಬೋರ್ಡು ನನ್ನ ಕೈಗೆ ಬಂತು. 5 ಕೊಟ್ಟೆ, 120 ಬಂತು. 7 ಕೊಟ್ಟೆ, 5040 ಬಂತು. ಸುಮ್ನೆ ಇರಲಾರದೆ 8 ಕೊಟ್ಟೆ. −25216 ಬಂತು. ಮೈನಸ್! ಲ್ಯಾಬಿನಲ್ಲಿ ಇದ್ದವರನ್ನು ಕರೆದು ತೋರಿಸಿದೆ. "8 ಯಾಕಮ್ಮ ಕೊಡ್ತೀಯ? 5 ಕೊಡು, ಪರೀಕ್ಷೇಲಿ 5 ಸಾಕು" ಅಂದರು. ನಾನೂ ರೆಕಾರ್ಡಿನಲ್ಲಿ ಚೆಂದವಾಗಿ 5, 120 ಅಂತ ಬರೆದು ಸಹಿ ಹಾಕಿಸಿಕೊಂಡೆ.

ಕಾರಣ ಗೊತ್ತಾದದ್ದು ಡಿಗ್ರಿ ಮುಗಿಯುವ ಹೊತ್ತಿಗೆ. ಟರ್ಬೊದಲ್ಲಿ ಪೂರ್ಣ ಸಂಖ್ಯೆ ಇಡುವ ಇಂಟ್ ಅನ್ನುವ ಡಬ್ಬಿ 16 ಬಿಟ್‌ನದು. 32767ಕ್ಕಿಂತ ಜಾಸ್ತಿ ಅದರಲ್ಲಿ ಹಿಡಿಸೋದಿಲ್ಲ. 8ರ ಫ್ಯಾಕ್ಟೋರಿಯಲ್ 40320. ಡಬ್ಬಿ ತುಂಬಿ ಲೆಕ್ಕ ಸುತ್ತು ಹೊಡೆದು ಮೈನಸ್ ಕಡೆಯಿಂದ ಬಂದಿತ್ತು. 40320ರಲ್ಲಿ 65536 ಕಳೆದು ನೋಡಿ, −25216 ಬರುತ್ತೆ. ಅಂದರೆ ಆವತ್ತು ಲ್ಯಾಬಿನಲ್ಲಿ ನನಗೆ ಸಿಕ್ಕಿದ್ದೇ ನಿಜವಾದ ಪಾಠ. ಅದನ್ನು ಬಿಟ್ಟು ರೆಕಾರ್ಡ್ ಬರೆದೆ.

ಈಗ ತಿಪಟೂರು ಕಡೆಯ ಒಂದು ಪಿಯು ಕಾಲೇಜಿನಲ್ಲಿ ಇದೇ ಸಬ್ಜೆಕ್ಟ್ ಹೇಳಿಕೊಡುತ್ತೇನೆ. ಸೈನ್ಸಿನ ಪಿಸಿಎಂಸಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಕಂಪ್ಯೂಟರ್) ತಗೊಂಡವರೂ ಬರುತ್ತಾರೆ, ಕಾಮರ್ಸ್‌ನ ಸಿಇಬಿಎ (ಕಂಪ್ಯೂಟರ್, ಎಕನಾಮಿಕ್ಸ್, ಬಿಸಿನೆಸ್, ಅಕೌಂಟ್ಸ್) ತಗೊಂಡವರೂ ಬರುತ್ತಾರೆ. ಅರ್ಧ ಜನ ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ. ಮನೆಯಲ್ಲಿ ಕಂಪ್ಯೂಟರ್ ಇರೋರು ಬೆರಳೆಣಿಕೆ. ಪ್ರತಿ ವರ್ಷ ಅದೇ ಪ್ರಶ್ನೆ: "ಮೇಡಂ, ಇದನ್ನ ಹೇಗೆ ಓದೋದು?" ಕ್ಲಾಸಿನಲ್ಲಿ ಬಿಡಿಬಿಡಿಯಾಗಿ ಹೇಳೋದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಪುಸ್ತಕ, ಅಂಕ ಮತ್ತು ಅಕ್ಕನ ಗೈಡು

ಈಗ ಸಿ ಪ್ಲಸ್ ಪ್ಲಸ್ ಇಲ್ಲ, ಪೈಥಾನ್ ಅನ್ನುವ ಭಾಷೆ ಬಂದಿದೆ. ಪುಸ್ತಕ ಎನ್‌ಸಿಇಆರ್‌ಟಿಯದು, ಅವರ ವೆಬ್‌ಸೈಟಿನಲ್ಲೇ ಪುಕ್ಕಟೆ ಸಿಗುತ್ತದೆ. ಮೊದಲ ವರ್ಷ ಬೈನರಿ, ಪ್ರೋಗ್ರಾಂ ಕಟ್ಟುವ ಬಗೆ, ಲೂಪು, ಫಂಕ್ಷನ್, ಸ್ಟ್ರಿಂಗ್, ಲಿಸ್ಟ್. ಎರಡನೇ ವರ್ಷ ಎಕ್ಸೆಪ್ಶನ್, ಫೈಲ್, ಸ್ಟ್ಯಾಕ್, ಕ್ಯೂ, ಸಾರ್ಟಿಂಗ್, ಸರ್ಚಿಂಗ್, ಡೇಟಾಬೇಸ್, ಎಸ್‌ಕ್ಯೂಎಲ್ (ಡೇಟಾಬೇಸ್ ಜೊತೆ ಮಾತಾಡುವ ಭಾಷೆ), ನೆಟ್‌ವರ್ಕ್. ಬರವಣಿಗೆಗೆ 70 ಅಂಕ, ಪ್ರಾಕ್ಟಿಕಲ್‌ಗೆ 30.

ಅಕ್ಕನೋ ಅಣ್ಣನೋ ಓದಿದ ಹಳೇ ಗೈಡು ಮನೆಯಲ್ಲಿದ್ದರೆ ಒಮ್ಮೆ ತೆರೆದು ನೋಡಿ. ಕ್ಲಾಸು, ಕನ್‌ಸ್ಟ್ರಕ್ಟರ್, ಪಾಯಿಂಟರ್ ಅಂತ ಇದ್ದರೆ ಅದು ಸಿ ಪ್ಲಸ್ ಪ್ಲಸ್ ಕಾಲದ್ದು. ಪ್ರೋಗ್ರಾಮಿಂಗ್‌ಗೆ ಅದನ್ನು ಮುಟ್ಟಬೇಡಿ. ಎಸ್‌ಕ್ಯೂಎಲ್ ಅಭ್ಯಾಸಕ್ಕೆ ಮಾತ್ರ ಸ್ವಲ್ಪ ಉಪಯೋಗಕ್ಕೆ ಬರುತ್ತದೆ.

ಪಿಸಿಎಂಸಿ ಮಕ್ಕಳಿಗೆ ಒಂದು ಮಾತು. ಸಿಇಟಿಯಲ್ಲಿ ಕಂಪ್ಯೂಟರ್ ಪೇಪರ್ ಇಲ್ಲ. ಅದಕ್ಕೇ ನೀವು ಇದನ್ನು ಫೆಬ್ರವರಿಗೆ ತಳ್ಳುತ್ತೀರಿ, ನನಗೆ ಗೊತ್ತು. ಆದರೆ ಫಿಸಿಕ್ಸಿನ ಸೂತ್ರದ ಹಾಗೆ ಇದನ್ನು ಕೊನೇ ತಿಂಗಳಲ್ಲಿ ಬಾಯಿಪಾಠ ಮಾಡೋಕೆ ಆಗಲ್ಲ. ಇದು ಸೈಕಲ್ ಕಲಿತ ಹಾಗೆ. ದಿನಾ ಅರ್ಧ ಗಂಟೆ ಕೊಟ್ಟರೆ ಸಾಕು, ಒಂದೇ ಭಾನುವಾರ ಆರು ಗಂಟೆ ಕೂತರೆ ಮೈಕೈ ನೋವು ಅಷ್ಟೇ.

ಸಿಇಬಿಎ ಮಕ್ಕಳಿಗೆ ಇನ್ನೊಂದು ಮಾತು. "ನಮಗೆ ಮ್ಯಾಥ್ಸ್ ಇಲ್ಲ, ಇದು ನಮ್ಮ ಕೈಲಿ ಆಗಲ್ಲ" ಅಂತ ಅಂದುಕೊಳ್ಳಬೇಡಿ. ಇಷ್ಟು ವರ್ಷದಲ್ಲಿ ನಾನು ನೋಡಿದ ಹಾಗೆ, ಕೆಳಗೆ ಹೇಳಲಿರುವ ಪೆನ್ಸಿಲ್ ಲೆಕ್ಕವನ್ನು ತಪ್ಪಿಲ್ಲದೆ ಮಾಡೋರು ಅಕೌಂಟ್ಸ್ ಮಕ್ಕಳೇ. ಲೆಡ್ಜರಿನಲ್ಲಿ ಸಾಲು ಬಿಡದೆ ಬರೆದು ಬರೆದು ಕೈಗೆ ಆ ಶಿಸ್ತು ಬಂದಿರುತ್ತದೆ.

ಇಂಗ್ಲಿಷ್ ಭಯ ಇರೋರಿಗೆ: ಪೈಥಾನಿನ ಸ್ವಂತ ಪದಗಳು, ಅಂದರೆ ಕೀವರ್ಡುಗಳು, ಒಟ್ಟು 35ರ ಆಸುಪಾಸು. ಇಫ್, ಎಲ್ಸ್, ಫಾರ್, ವೈಲ್, ಅಂಡ್, ಆರ್, ನಾಟ್. ಇಷ್ಟೇ ಇಂಗ್ಲಿಷಿನಲ್ಲಿ ಇಡೀ ವರ್ಷದ ಪ್ರೋಗ್ರಾಂ ನಡೆಯುತ್ತದೆ. ಪಾಠದ ಇಂಗ್ಲಿಷ್ ಬೇರೆ ವಿಷಯ. ಅದಕ್ಕೆ ನೋಟ್‌ಬುಕ್ಕಿನ ಕೊನೇ ಹತ್ತು ಹಾಳೆ ಬಿಟ್ಟುಕೊಳ್ಳಿ. ಎಡಕ್ಕೆ ಪದ, ಬಲಕ್ಕೆ ನಿಮ್ಮದೇ ಕನ್ನಡದಲ್ಲಿ ಅರ್ಥ. ಇಟರೇಶನ್ ಅಂದರೆ ಸುತ್ತು. ರಿಡಂಡೆನ್ಸಿ ಅಂದರೆ ಒಂದೇ ಮಾಹಿತಿ ಎರಡು ಕಡೆ ಬರೆದಿಟ್ಟಿರೋದು. ನಿಘಂಟಿನ ಅರ್ಥ ಬೇಡ, ಮನೇಲಿ ಅಮ್ಮನಿಗೆ ಹೇಳೋ ಹಾಗೆ ಬರೆಯಿರಿ.

ನೀವೇ ಕಂಪ್ಯೂಟರ್ ಆಗಿ

ಈ ಸಬ್ಜೆಕ್ಟಿನ ಮುಖ್ಯ ಕೆಲಸ ಇದೇ. ಬೇರೇನೂ ಓದಲು ಟೈಮ್ ಇಲ್ಲದಿದ್ದರೆ ಇದೊಂದನ್ನು ಓದಿ.

ಪ್ರೋಗ್ರಾಂ ಕಂಡ ತಕ್ಷಣ ಟೈಪ್ ಮಾಡಬೇಡಿ, ಬಾಯಿಪಾಠವಂತೂ ಬೇಡವೇ ಬೇಡ. ಪೆನ್ಸಿಲ್ ತಗೊಂಡು ಹಾಳೆಯಲ್ಲಿ ಪಟ್ಟಿ ಎಳೆಯಿರಿ. ಪ್ರೋಗ್ರಾಮಿನಲ್ಲಿ ಎಷ್ಟು ವೇರಿಯೇಬಲ್ (ಬೆಲೆ ಇಟ್ಟುಕೊಳ್ಳುವ ಹೆಸರು) ಇದೆಯೋ ಅಷ್ಟು ಕಾಲಂ. ಆಮೇಲೆ ನೀವೇ ಕಂಪ್ಯೂಟರ್ ಆದ ಹಾಗೆ ಒಂದೊಂದು ಸಾಲನ್ನು ನಡೆಸಿ, ಬೆಲೆ ಬದಲಾದಾಗ ಹಳೆಯದರ ಮೇಲೆ ಗೀಟು ಹಾಕಿ ಕೆಳಗೆ ಹೊಸದು ಬರೆಯಿರಿ. ಇದಕ್ಕೆ ಡ್ರೈ ರನ್ ಅನ್ನುತ್ತಾರೆ.

ಒಂದು ಸಂಖ್ಯೆಯ ಅಂಕಿಗಳನ್ನು ಕೂಡುವ ಪ್ರೋಗ್ರಾಂ ತಗೊಳ್ಳೋಣ. ಸಂಖ್ಯೆ 472. ಉತ್ತರ 4 + 7 + 2, ಅಂದರೆ 13 ಬರಬೇಕು. ಮಾಡುವ ಬಗೆ ಹೀಗೆ: ಮೊತ್ತ 0 ಅಂತ ಇಟ್ಟುಕೊಳ್ಳಿ. ಸಂಖ್ಯೆ 0ಗಿಂತ ದೊಡ್ಡದು ಇರುವ ತನಕ ಈ ಮೂರು ಕೆಲಸ ಮಾಡುತ್ತಾ ಇರಿ. ಸಂಖ್ಯೆ % 10, ಅಂದರೆ 10ರಿಂದ ಭಾಗಿಸಿ ಉಳಿದ ಶೇಷ, ಮಾಡಿದರೆ ಕೊನೇ ಅಂಕಿ ಸಿಗುತ್ತೆ. ಅದನ್ನು ಮೊತ್ತಕ್ಕೆ ಸೇರಿಸಿ. ಆಮೇಲೆ ಸಂಖ್ಯೆ // 10 ಮಾಡಿ ಕೊನೇ ಅಂಕಿಯನ್ನು ಕತ್ತರಿಸಿ.

ಹಾಳೆಯಲ್ಲಿ ಹೀಗೆ ಬರುತ್ತದೆ:

ಶುರು: ಸಂಖ್ಯೆ 472, ಮೊತ್ತ 0
ಸುತ್ತು 1: ಅಂಕಿ 2, ಮೊತ್ತ 2, ಸಂಖ್ಯೆ 47
ಸುತ್ತು 2: ಅಂಕಿ 7, ಮೊತ್ತ 9, ಸಂಖ್ಯೆ 4
ಸುತ್ತು 3: ಅಂಕಿ 4, ಮೊತ್ತ 13, ಸಂಖ್ಯೆ 0
ಸಂಖ್ಯೆ 0 ಆಯಿತು, ನಿಲ್ಲಿಸಿ. ಉತ್ತರ 13.

ಎರಡು ನಿಮಿಷದ ಕೆಲಸ. ಆದರೆ ಹೋದ ವರ್ಷ ಏನಾಯಿತು ಕೇಳಿ. ಒಬ್ಬ ಹುಡುಗ ಇದೇ ಪ್ರೋಗ್ರಾಂ ರನ್ ಮಾಡಿ ನನ್ನನ್ನು ಕರೆದ. ಉತ್ತರ 14.44 ಚಿಲ್ಲರೆ ಬಂದಿತ್ತು. ಎರರ್ ಏನೂ ಇಲ್ಲ. ಅಂಕಿ ಕೂಡಿದರೆ ಪಾಯಿಂಟ್ ಎಲ್ಲಿಂದ ಬಂತು? ಅಕ್ಕಪಕ್ಕದವರೆಲ್ಲ ಬಗ್ಗಿ ನೋಡಿದರು, ಯಾರಿಗೂ ಹೊಳೆಯಲಿಲ್ಲ. ನಾನು ಹೇಳಲಿಲ್ಲ, ಒಂದು ಹಾಳೆ ಕೊಟ್ಟೆ. "ನೀನು ಏನು ಬರೆದಿದ್ದೀಯೋ ಅದನ್ನೇ ನಡೆಸು. ಏನು ಬರೀಬೇಕಿತ್ತೋ ಅದನ್ನಲ್ಲ" ಅಂದೆ.

ಮೊದಲ ಸುತ್ತು: ಅಂಕಿ 2, ಮೊತ್ತ 2. ಆಮೇಲೆ ಸಂಖ್ಯೆ... ಅಲ್ಲಿ ಪೆನ್ಸಿಲ್ ನಿಂತಿತು. ಅವನು // ಅಂತ ಎರಡು ಗೀಟಿನ ಬದಲು / ಅಂತ ಒಂದೇ ಗೀಟು ಹಾಕಿದ್ದ. ಒಂದು ಗೀಟು ಅಂದರೆ ಪೂರ್ತಿ ಭಾಗಾಕಾರ. 472 ಹೋಗಿ 47 ಆಗಲಿಲ್ಲ, 47.2 ಆಯಿತು. ಎರಡನೇ ಸುತ್ತಿನಲ್ಲಿ 7 ಅಲ್ಲ, 7.2 ಸೇರಿತು. ಮೂರನೇದರಲ್ಲಿ 4.72. ನಾಲ್ಕನೇ ಸುತ್ತೇ ಇರಬಾರದಿತ್ತು, ಆದರೆ ಸಂಖ್ಯೆ 0.472 ಆಗಿ ಕೂತಿದೆ, 0ಗಿಂತ ದೊಡ್ಡದೇ ಅಲ್ವಾ? ಲೂಪು ನಿಲ್ಲಲಿಲ್ಲ. ಸಂಖ್ಯೆ ಸಣ್ಣದಾಗುತ್ತಾ ಆಗುತ್ತಾ ಕಂಪ್ಯೂಟರಿನ ಕೈಗೂ ಸಿಗದಷ್ಟು ಸಣ್ಣದಾಗಿ 0 ಆಗುವ ತನಕ 300ಕ್ಕೂ ಜಾಸ್ತಿ ಸುತ್ತು ಓಡಿತ್ತು. ಆ ಹುಡುಗ ಈಗ ಒಂದು ಗೀಟು, ಎರಡು ಗೀಟಿನ ವ್ಯತ್ಯಾಸವನ್ನು ಜನ್ಮದಲ್ಲಿ ಮರೆಯೋದಿಲ್ಲ. ನಾನು ಬೋರ್ಡಿನ ಮೇಲೆ ಅದನ್ನು ನಾಲ್ಕು ಸಲ ಬರೆದಿದ್ದೆ. ಆಗ ಅವನಿಗೂ ತಲೆಗೆ ಹೋಗಿರಲಿಲ್ಲ.

ಡ್ರೈ ರನ್ ಮಾಡುವಾಗ ಒಂದೇ ನಿಯಮ. ಮನಸ್ಸಿನಲ್ಲಿ ಇರೋದನ್ನು ನಡೆಸಬೇಡಿ, ಹಾಳೆ ಮೇಲೆ ಇರೋದನ್ನು ನಡೆಸಿ. ರೇಂಜ್(1, 10) ಅಂತ ಬರೆದರೆ 9ಕ್ಕೇ ನಿಲ್ಲುತ್ತದೆ. ನೀವು 10ರ ತನಕ ಅಂತ ಅಂದುಕೊಂಡಿದ್ದರೆ ಅದು ನಿಮ್ಮ ಪಾಡು.

ಟೈಪ್ ಮಾಡಿ, ಆಮೇಲೆ ಬೇಕಂತಲೇ ಕೆಡಿಸಿ

ಹಾಳೆಯಲ್ಲಿ ಉತ್ತರ ಬಂದ ಮೇಲೆ ಕಂಪ್ಯೂಟರ್ ಮುಂದೆ ಕೂರಿ. ರನ್ ಒತ್ತುವ ಮುಂಚೆ ಏನು ಬರುತ್ತದೆ ಅಂತ ಬಾಯಿಬಿಟ್ಟು ಹೇಳಿ. ಬಂದದ್ದು ಬೇರೆಯಾದರೆ ಖುಷಿಪಡಿ, ಕಲಿಯಲು ಏನೋ ಸಿಕ್ಕಿದೆ.

ಮೊದಲ ವರ್ಷದವರಿಗೆ ಸಿಗುವ ಮೊದಲ ವಿಚಿತ್ರ ಇದು. ಎರಡು ಸಂಖ್ಯೆ ಕೇಳಿ ಕೂಡುವ ಪ್ರೋಗ್ರಾಂ. 10 ಕೊಟ್ಟರು, 20 ಕೊಟ್ಟರು. ಉತ್ತರ 1020. ಕ್ಲಾಸಿಗೆ ಕ್ಲಾಸೇ ನಗುತ್ತದೆ. ವಿಷಯ ಏನಂದರೆ ಇನ್‌ಪುಟ್ ಅನ್ನೋದು ನೀವು ಏನೇ ಒತ್ತಿದರೂ ಅಕ್ಷರದ ಸರ (ಸ್ಟ್ರಿಂಗ್) ಅಂತಲೇ ತಗೊಳ್ಳುತ್ತದೆ. ಎರಡು ಸರವನ್ನು ಕೂಡು ಅಂದರೆ ಪಕ್ಕಪಕ್ಕ ಪೋಣಿಸುತ್ತದೆ. ಸಂಖ್ಯೆ ಬೇಕಾದರೆ ಇಂಟ್ ಒಳಗೆ ಹಾಕಿ ಬದಲಾಯಿಸಬೇಕು. ಇದನ್ನು ಪುಸ್ತಕದಲ್ಲಿ ಓದಿದರೆ ಒಂದು ವಾರ ನೆನಪಿರುತ್ತೆ. 1020 ನೋಡಿ ನಕ್ಕರೆ ಎರಡು ವರ್ಷ.

ಪ್ರೋಗ್ರಾಂ ಸರಿ ಬಂತಾ? ಮುಚ್ಚಬೇಡಿ. ಈಗ ಒಂದು ಬ್ರಾಕೆಟ್ ತೆಗೆದು ರನ್ ಮಾಡಿ. ಕೋಲನ್ ತೆಗೆಯಿರಿ. ಒಂದು ಸಾಲನ್ನು ಎರಡು ಸ್ಪೇಸ್ ಒಳಗೆ ತಳ್ಳಿ. ವೇರಿಯೇಬಲ್ ಹೆಸರಿನ ಒಂದು ಅಕ್ಷರ ತಪ್ಪು ಹಾಕಿ. ಪ್ರತಿ ಸಲ ಏನು ಎರರ್ ಬಂತು ಅಂತ ಬರೆದಿಡಿ. ನಮ್ಮ ಕಾಲೇಜಿನಲ್ಲಿ ಇದಕ್ಕೆ ಬೇರೇನೇ ನೋಟ್‌ಬುಕ್ ಇದೆ, ಮಕ್ಕಳು ಅದನ್ನು ತಪ್ಪಿನ ಪುಸ್ತಕ ಅಂತ ಕರೆಯುತ್ತಾರೆ. ನೇಮ್‌ಎರರ್ ಅಂದರೆ ಹೆಸರು ತಪ್ಪಿದೆ ಅಥವಾ ಆ ಹೆಸರಿಗೆ ಇನ್ನೂ ಬೆಲೆ ಕೊಟ್ಟಿಲ್ಲ. ಇಂಡೆಂಟೇಶನ್‌ಎರರ್ ಅಂದರೆ ಸಾಲು ಜಾಗದಲ್ಲಿಲ್ಲ. ಟೈಪ್‌ಎರರ್ ಅಂದರೆ ಸಂಖ್ಯೆಗೂ ಸ್ಟ್ರಿಂಗಿಗೂ ಗಂಟು ಹಾಕಲು ಹೋಗಿದ್ದೀರಿ. ಇಂಡೆಕ್ಸ್‌ಎರರ್ ಅಂದರೆ ಐದು ಮನೆ ಇರೋ ಬೀದೀಲಿ ಆರನೇ ಮನೆ ಹುಡುಕುತ್ತಿದ್ದೀರಿ.

ಎರರ್ ಬಂದಾಗ ಕೆಂಪು ಅಕ್ಷರ ನೋಡಿ ಗಾಬರಿಯಾಗಬೇಡಿ. ಓದೋದು ಕೆಳಗಿನಿಂದ ಮೇಲಕ್ಕೆ. ಕೊನೇ ಸಾಲಿನಲ್ಲಿ ಏನು ತಪ್ಪು ಅಂತ ಇರುತ್ತದೆ, ಅದರ ಮೇಲೆ ಎಷ್ಟನೇ ಸಾಲು ಅಂತ ಇರುತ್ತದೆ. ಆ ಸಾಲು ಸರಿಯಾಗೇ ಇದೆ ಅನ್ನಿಸಿದರೆ ಅದರ ಹಿಂದಿನ ಸಾಲು ನೋಡಿ. ಮುಚ್ಚದೆ ಬಿಟ್ಟ ಬ್ರಾಕೆಟ್ ಅಲ್ಲಿರುತ್ತದೆ.

ಇನ್ನೊಂದು, ಇದನ್ನು ಯಾವ ಗೈಡಿನಲ್ಲೂ ನಾನು ನೋಡಿಲ್ಲ. ನಿಮ್ಮ ಫೈಲಿಗೆ ರ‍್ಯಾಂಡಮ್ ಅಂತಲೋ ಮ್ಯಾಥ್ ಅಂತಲೋ ಹೆಸರಿಡಬೇಡಿ. ಇಂಪೋರ್ಟ್ ರ‍್ಯಾಂಡಮ್ ಅಂದಾಗ ಪೈಥಾನ್ ತನ್ನದನ್ನು ಬಿಟ್ಟು ನಿಮ್ಮ ಫೈಲನ್ನೇ ಎತ್ತಿಕೊಳ್ಳುವ ಸಾಧ್ಯತೆ ಇದೆ. ಒಂದು ಇಡೀ ಲ್ಯಾಬ್ ಪೀರಿಯಡ್ ನಮಗೆ ಇದರಲ್ಲೇ ಹೋಗಿದೆ.

ಮನೇಲಿ ಕಂಪ್ಯೂಟರ್ ಇಲ್ಲದಿದ್ದರೆ

ಪೆನ್ಸಿಲ್ ಕೆಲಸಕ್ಕೆ ಕಂಪ್ಯೂಟರೇ ಬೇಡ, ಅದು ಅರ್ಧ ಓದು. ಉಳಿದರ್ಧಕ್ಕೆ ಅಪ್ಪನ ಫೋನು ಸಾಕಾಗುತ್ತದೆ. ಪೈಡ್ರಾಯ್ಡ್ 3 ಅನ್ನುವ ಆ್ಯಪ್ ಹಾಕಿಕೊಂಡರೆ ನೆಟ್ ಇಲ್ಲದೆಯೂ ಪೈಥಾನ್ ಓಡುತ್ತದೆ. ನೆಟ್ ಇದ್ದರೆ ಗೂಗಲ್ ಕೋಲ್ಯಾಬ್. ಫೋನಿನಲ್ಲಿ ಸ್ಪೇಸ್ ಕೊಟ್ಟು ಸಾಲು ಜೋಡಿಸೋದು ಕಿರಿಕಿರಿ, ಅದಕ್ಕೇ ಹತ್ತು ಸಾಲಿನೊಳಗಿನ ಪ್ರೋಗ್ರಾಂ ಮಾತ್ರ ಅಲ್ಲಿ ಮಾಡಿ. ಎಸ್‌ಕ್ಯೂಎಲ್‌ಗೂ ದಾರಿ ಇದೆ. ಪೈಥಾನ್ ಜೊತೆಗೇ ಎಸ್‌ಕ್ಯೂಎಲೈಟ್ ಅನ್ನುವ ಪುಟ್ಟ ಡೇಟಾಬೇಸ್ ಬರುತ್ತದೆ. ಕಾಲೇಜಿನ ಮೈಎಸ್‌ಕ್ಯೂಎಲ್‌ಗೂ ಅದಕ್ಕೂ ಅಲ್ಲಲ್ಲಿ ವ್ಯತ್ಯಾಸ ಇದ್ದರೂ ಸೆಲೆಕ್ಟ್, ವೇರ್, ಆರ್ಡರ್ ಬೈ ಅಭ್ಯಾಸಕ್ಕೆ ಧಾರಾಳ ಸಾಕು.

ನಿಮ್ಮ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲೂ (ಪಂಚಾಯಿತಿ ಗ್ರಂಥಾಲಯ) ಒಮ್ಮೆ ವಿಚಾರಿಸಿ. ಕೆಲವು ಕಡೆ ಕಂಪ್ಯೂಟರ್ ಇದೆ, ಕೂರೋರು ಕಡಿಮೆ.

ಲ್ಯಾಬಿನಲ್ಲಿ ಒಂದು ಕಂಪ್ಯೂಟರಿಗೆ ಇಬ್ಬರು ಮೂವರು ಇದ್ದರೆ ಕೀಬೋರ್ಡು ಹದಿನೈದು ನಿಮಿಷಕ್ಕೊಮ್ಮೆ ಕೈ ಬದಲಾಗಬೇಕು. ಇದನ್ನು ಜಗಳ ಆಡಿಯಾದರೂ ಮಾಡಿಸಿಕೊಳ್ಳಿ. ನನ್ನ ಹಾಗೆ ಅಂಚಿನಲ್ಲಿ ಕೂತು ಎರಡು ವರ್ಷ ಬೇರೆಯವಳ ಬೆರಳು ನೋಡಬೇಡಿ.

ಫೋನಿನಲ್ಲಿ ಎಐ ಕೇಳಿದರೆ ಪ್ರೋಗ್ರಾಂ ಬರೆದುಕೊಡುತ್ತದೆ, ಗೊತ್ತು. ಕೇಳಬೇಡಿ ಅಂತ ಹೇಳಲ್ಲ. ಮೊದಲು ಹಾಳೆ ಮೇಲೆ ನಿಮ್ಮದು ಇರಲಿ, ಆಮೇಲೆ "ನಾನು ಬರೆದದ್ದರಲ್ಲಿ ಎಷ್ಟನೇ ಸಾಲು ತಪ್ಪು" ಅಂತ ಕೇಳಿ. ಪ್ರಾಕ್ಟಿಕಲ್ ದಿನ ಫೋನು ಬಾಗಿಲಾಚೆ ಬ್ಯಾಗಿನಲ್ಲಿ ಇರುತ್ತದೆ.

ಕೆಲವು ಪಾಠಗಳ ಬಗ್ಗೆ

ಸ್ಟ್ರಿಂಗ್ ಪಾಠ ಬಂದಾಗ ಒಂದು ಆಟ ಆಡಿಸುತ್ತೇನೆ. ತಿಪಟೂರು ಅಂತ ಕನ್ನಡದಲ್ಲಿ ಟೈಪ್ ಮಾಡಿ ಅದರ ಉದ್ದ ಎಷ್ಟು ಅಂತ ಪೈಥಾನನ್ನು ಕೇಳಿ. ನಮ್ಮ ಕಣ್ಣಿಗೆ 4 ಅಕ್ಷರ. ಪೈಥಾನ್ 7 ಅನ್ನುತ್ತದೆ. ಯಾಕೆ? ಎಲ್ಲ ಭಾಷೆಯ ಅಕ್ಷರಕ್ಕೂ ನಂಬರು ಕೊಡುವ ಯೂನಿಕೋಡಿನಲ್ಲಿ ತ ಬೇರೆ, ಅದರ ಗುಡಿಸು ಬೇರೆ. ತ, ಗುಡಿಸು, ಪ, ಟ, ಊ ಕಾರದ ಕೊಂಬು, ರ, ಉ ಕಾರದ ಕೊಂಬು. ಎಣಿಸಿ, 7. ಈಗ ಅದನ್ನು ತಿರುಗಿಸಿ ಬರೆಸಿ. ರುಟೂಪತಿ ಬರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಬರೋದು ರೂಟಪಿತ! ಮುಂದೆ ಒಂದು ಅನಾಥ ಕೊಂಬು ಬೇರೆ ನೇತಾಡುತ್ತಿರುತ್ತದೆ. ಕೊಂಬುಗಳೆಲ್ಲ ತಮ್ಮ ಹಳೇ ಅಕ್ಷರ ಬಿಟ್ಟು ಪಕ್ಕದ ಅಕ್ಷರಕ್ಕೆ ಅಂಟಿಕೊಂಡಿವೆ. ಮೊದಲ ವರ್ಷದ ಎನ್‌ಕೋಡಿಂಗ್ ಪಾಠವನ್ನು ನಾನು ಇಷ್ಟರಲ್ಲೇ ಮುಗಿಸಿಬಿಡುತ್ತೇನೆ. ಕ ಅಕ್ಷರದ ಸಂಖ್ಯೆ 3221, ಇಂಗ್ಲಿಷಿನ ದೊಡ್ಡ ಎ ಅಕ್ಷರದ್ದು 65. ಕಂಪ್ಯೂಟರಿಗೆ ಅಕ್ಷರ ಅಂತ ಯಾವುದೂ ಇಲ್ಲ, ಎಲ್ಲ ನಂಬರು.

ಅಂದಹಾಗೆ ಪೈಥಾನಿನಲ್ಲಿ ವೇರಿಯೇಬಲ್‌ಗೆ ಕನ್ನಡದಲ್ಲೇ ಹೆಸರಿಡಬಹುದು. ಮೊತ್ತ = 0 ಅಂತ ಬರೆದು ನೋಡಿ, ಓಡುತ್ತದೆ. ಪರೀಕ್ಷೆಯಲ್ಲಿ ಮಾಡಬೇಡಿ, ಮನೇಲಿ ಮಾಡಿ. ಯಾವುದು ಪೈಥಾನಿನ ಪದ, ಯಾವುದು ನಾವು ಇಟ್ಟ ಹೆಸರು ಅನ್ನುವ ಗೊಂದಲ ಒಂದೇ ದಿನದಲ್ಲಿ ಹೋಗುತ್ತದೆ.

ಸ್ಟ್ಯಾಕ್ ಮತ್ತು ಕ್ಯೂ. ಸ್ಟ್ಯಾಕ್ ಅಂದರೆ ಬಳೆ ಸ್ಟ್ಯಾಂಡು. ಕೊನೇಲಿ ಹಾಕಿದ ಬಳೆ ಮೊದಲು ಬರುತ್ತದೆ. ಕ್ಯೂ ಅಂದರೆ ಬೆಳಗ್ಗೆ ಹಾಲಿನ ಡೇರಿ ಮುಂದಿನ ಕ್ಯಾನ್ ಸಾಲು. ಜನ ಕಟ್ಟೆ ಮೇಲೆ ಹರಟೆ ಹೊಡೆಯುತ್ತಿದ್ದರೂ ಕ್ಯಾನಿನ ಸರದಿ ತಪ್ಪೋದಿಲ್ಲ. ಮೊದಲು ಇಟ್ಟದ್ದು ಮೊದಲು ಅಳತೆಗೆ ಹೋಗುತ್ತದೆ. ಖಾಲಿ ಸ್ಟ್ಯಾಂಡಿನಿಂದ ಬಳೆ ತೆಗೆಯಲು ಹೋದರೆ ಅಂಡರ್‌ಫ್ಲೋ. ಇಷ್ಟು ಗೊತ್ತಾದ ಮೇಲೆ ಇನ್‌ಫಿಕ್ಸ್‌ನಿಂದ ಪೋಸ್ಟ್‌ಫಿಕ್ಸ್ ಮಾಡೋದನ್ನು (A + B ಅನ್ನು A B + ಅಂತ ಬರೆಯೋದು) ಹತ್ತು ಸಲ ಹಾಳೆ ಮೇಲೆ ಮಾಡಿ. ಅದು ಓದಿ ಬರೋದಲ್ಲ.

ಸಾರ್ಟಿಂಗ್ ಪಾಠಕ್ಕೆ ಕಾರಿಡಾರಿಗೆ ಕರೆದುಕೊಂಡು ಹೋಗಿ ನಾಲ್ಕು ಜನರನ್ನು ನಿಲ್ಲಿಸುತ್ತೇನೆ, ಕೈಯಲ್ಲೊಂದೊಂದು ಚೀಟಿ: 14, 9, 17, 5. ಬಬಲ್ ಸಾರ್ಟ್‌ನಲ್ಲಿ ಪಕ್ಕದವರು ಮಾತ್ರ ಚೀಟಿ ನೋಡಿಕೊಂಡು ಜಾಗ ಬದಲಾಯಿಸಬಹುದು. ಮೊದಲ ಸುತ್ತು ಮುಗಿದಾಗ 9, 14, 5, 17. ದೊಡ್ಡವನು ಕೊನೆಗೆ ಹೋಗಿ ನಿಂತ, ಇನ್ನು ಅವನನ್ನು ಮುಟ್ಟಬೇಡಿ. ಎರಡನೇ ಸುತ್ತಿಗೆ 9, 5, 14, 17. ಮೂರನೇದಕ್ಕೆ 5, 9, 14, 17. ಒಟ್ಟು 6 ಹೋಲಿಕೆ, 4 ಅದಲುಬದಲು. ಪರೀಕ್ಷೆಯಲ್ಲಿ ಸುತ್ತು ಸುತ್ತಿಗೂ ಬರೆದು ತೋರಿಸಿ ಅಂತ ಕೇಳಿದಾಗ ಕಾರಿಡಾರ್ ನೆನಪಾಗುತ್ತದೆ. ಸೆಲೆಕ್ಷನ್ ಸಾರ್ಟ್ ಅಂದರೆ ಉಳಿದವರಲ್ಲಿ ಎಲ್ಲರಿಗಿಂತ ಕುಳ್ಳನನ್ನು ಹುಡುಕಿ ಮುಂದಕ್ಕೆ ತರೋದು. ಇನ್ಸರ್ಷನ್ ಅಂದರೆ ಇಸ್ಪೀಟು ಎಲೆ ಜೋಡಿಸಿಕೊಳ್ಳೋದು. ಎಲ್ಲಿ ಕಲಿತಿರಿ ಅಂತ ನಾನು ಕೇಳಲ್ಲ.

ಬೈನರಿ ಸರ್ಚ್ ನಿಮಗೆ ಆಗಲೇ ಗೊತ್ತು. ನಿಘಂಟಿನಲ್ಲಿ ಮಲ್ಲಿಗೆ ಹುಡುಕುವಾಗ ಮೊದಲ ಪುಟದಿಂದ ಮಗುಚುತ್ತೀರಾ? ನಡುವೆ ತೆರೆಯುತ್ತೀರಿ, ತ ಬಂದರೆ ಬಲಗಡೆಗೆ ಹೋಗುತ್ತೀರಿ. ಹೀಗೆ ಅರ್ಧ ಅರ್ಧ ಮಾಡುತ್ತಾ ಹೋದರೆ 1000 ಹೆಸರಿನ ಪಟ್ಟಿಯಲ್ಲಿ ಹೆಚ್ಚೆಂದರೆ 10 ಸಲ ನೋಡಿದರೆ ಸಾಕು. ಆದರೆ ಪಟ್ಟಿ ಜೋಡಿಸಿರಬೇಕು. ಈ ಒಂದು ಮಾತನ್ನು ಬರೆಯದೆ ಅಂಕ ಕಳೆದುಕೊಳ್ಳೋರು ಪ್ರತಿ ವರ್ಷ ಇದ್ದೇ ಇರುತ್ತಾರೆ.

ಡೇಟಾಬೇಸ್‌ನಲ್ಲಿ ಡಿಗ್ರಿ ಅಂದರೆ ಕಾಲಂ ಎಷ್ಟು, ಕಾರ್ಡಿನಾಲಿಟಿ ಅಂದರೆ ಸಾಲು ಎಷ್ಟು. ಅದಲುಬದಲು ಮಾಡಬೇಡಿ. ಪ್ರೈಮರಿ ಕೀ ಯಾಕೆ ಬೇಕು ಅಂತ ಕೇಳಿದರೆ ನಿಮ್ಮ ಕ್ಲಾಸನ್ನೇ ನೋಡಿ. ಮೂರು ಜನ ಮಂಜುನಾಥ ಇರ್ತಾರೆ, ರಿಜಿಸ್ಟರ್ ನಂಬರ್ ಮಾತ್ರ ಒಬ್ಬೊಬ್ಬರಿಗೆ ಒಂದೊಂದು.

ಎಸ್‌ಕ್ಯೂಎಲ್ ಸುಲಭ ಅಂತ ಎಲ್ಲರೂ ಅನ್ನುತ್ತಾರೆ. ಹೌದು, ಆದರೆ ತಪ್ಪು ಮಾಡಿದರೆ ಅದು ಬಾಯಿ ಬಿಡೋದಿಲ್ಲ. ನಮ್ಮ ಲ್ಯಾಬಿನಲ್ಲಿ ಒಬ್ಬಳು ತನ್ನ ಸಾಲಿನಲ್ಲಿ ಅಪ್ಪನ ಹೆಸರು ತಿದ್ದಲು ಅಪ್‌ಡೇಟ್ ಬರೆದಳು. ಯಾವ ಸಾಲು ಅಂತ ಹೇಳುವ ವೇರ್ ಹಾಕೋದು ಮರೆತಳು. ಎಂಟರ್ ಒತ್ತಿದಳು. ಇಡೀ ಕ್ಲಾಸಿಗೆ ಒಬ್ಬರೇ ಅಪ್ಪ! ಅದಕ್ಕೇ ಅಪ್‌ಡೇಟ್, ಡಿಲೀಟ್ ಮಾಡುವ ಮುಂಚೆ ಅದೇ ವೇರ್ ಹಾಕಿ ಸೆಲೆಕ್ಟ್ ಓಡಿಸಿ ನೋಡಿ. ಬೇಕಾದ ಸಾಲು ಮಾತ್ರ ಬಂತಾ? ಬಂದಿದ್ದರೆ ಮುಂದುವರಿಯಿರಿ. ಖಾಲಿ ಜಾಗ ಹುಡುಕುವಾಗ "= ನಲ್" ಅಂತ ಬರೆಯಬೇಡಿ, ಎರರ್ ಬರಲ್ಲ, ಉತ್ತರವೂ ಬರಲ್ಲ. "ಈಸ್ ನಲ್" ಅಂತ ಬರೆಯಬೇಕು. ಕೌಂಟ್ ಒಳಗೆ ನಕ್ಷತ್ರ ಹಾಕಿದರೆ ಎಲ್ಲ ಸಾಲೂ ಲೆಕ್ಕಕ್ಕೆ ಬರುತ್ತದೆ. ಕಾಲಂ ಹೆಸರು ಹಾಕಿದರೆ ಖಾಲಿ ಇರೋದನ್ನು ಬಿಟ್ಟು ಎಣಿಸುತ್ತದೆ. ಎರಡು ಟೇಬಲ್‌ಗಳ ಕಾರ್ಟೀಶಿಯನ್ ಪ್ರಾಡಕ್ಟ್ (ಒಂದರ ಪ್ರತಿ ಸಾಲಿಗೂ ಇನ್ನೊಂದರ ಪ್ರತಿ ಸಾಲು ಜೋಡಿಸೋದು) ಕೇಳಿದರೆ ಸಾಲನ್ನು ಗುಣಿಸಿ, ಕಾಲಂ ಕೂಡಿ. 4 ಸಾಲು 5 ಕಾಲಂ ಒಂದು, 3 ಸಾಲು 2 ಕಾಲಂ ಇನ್ನೊಂದು ಅಂದರೆ 12 ಸಾಲು, 7 ಕಾಲಂ.

ನೆಟ್‌ವರ್ಕ್ ಪಾಠಗಳನ್ನು ಕೂತು ಓದಿದರೆ ನಿದ್ದೆ ಬರುತ್ತದೆ. ಲ್ಯಾಬಿನ ಮೂಲೆಯಲ್ಲಿ ದೀಪ ಮಿಣುಕುವ ಡಬ್ಬಿ ಇರುತ್ತಲ್ಲ, ಅದು ಸ್ವಿಚ್. ಅದರಿಂದ ಹೊರಟ ವೈರು ಎಲ್ಲೆಲ್ಲಿಗೆ ಹೋಗಿದೆ ಅಂತ ನೋಡಿ ನಕ್ಷೆ ಬರೆಯಿರಿ, ನಡುವೆ ಒಂದು ಡಬ್ಬಿ, ಸುತ್ತ ಕಂಪ್ಯೂಟರು ಅನ್ನುವ ಸ್ಟಾರ್ ಟೋಪಾಲಜಿ ಅಲ್ಲೇ ಇದೆ. ಫೋನಿನ ಸೆಟ್ಟಿಂಗಿನಲ್ಲಿ ಮ್ಯಾಕ್ ಅಡ್ರೆಸ್ (ನೆಟ್‌ವರ್ಕಿನಲ್ಲಿ ಫೋನಿನ ಗುರುತಿನ ನಂಬರು) ಹುಡುಕಿ, 12 ಅಂಕಿ ಅಕ್ಷರ ಎಣಿಸಿ. ಒಂದೊಂದಕ್ಕೆ 4 ಬಿಟ್, ಒಟ್ಟು 48 ಬಿಟ್. ಉಳಿದದ್ದನ್ನು ಪರೀಕ್ಷೆಗೆ ಎರಡು ವಾರ ಇದ್ದಾಗ ಓದಿದರೂ ನಡೆಯುತ್ತದೆ. ಬೋರ್ಡಿನ ಮಾದರಿ ಪ್ರಶ್ನೆಪತ್ರಿಕೆ ಬಿಡಿಸಲು ಕೂಡ ಆಗಲೇ ಕೂರಿ.

ಪ್ರಾಕ್ಟಿಕಲ್ ದಿನ

ಪ್ರಶ್ನೆ ಕೈಗೆ ಬಂದ ತಕ್ಷಣ ಕೀಬೋರ್ಡ್ ಮುಟ್ಟಬೇಡಿ. ಉತ್ತರದ ಹಾಳೆಯಲ್ಲಿ ಬರೆಯಿರಿ, ಪಕ್ಕದಲ್ಲಿ ಸಣ್ಣದಾಗಿ ಪೆನ್ಸಿಲ್ ಪಟ್ಟಿ ಹಾಕಿ ಒಂದು ಸಲ ನಡೆಸಿ. ಆಮೇಲೆ ಟೈಪ್ ಮಾಡಿ. ಐದು ಸಾಲಿಗೊಮ್ಮೆ ಸೇವ್ ಮಾಡಿ. ನಮ್ಮ ಕಡೆ ಕರೆಂಟು ಪರೀಕ್ಷೆ ಅಂತ ನೋಡೋದಿಲ್ಲ, ಲ್ಯಾಬಿನ ಯುಪಿಎಸ್ ಎಷ್ಟು ಹೊತ್ತು ತಡೆಯುತ್ತೆ ಅನ್ನೋದು ದೇವರಿಗೇ ಗೊತ್ತು.

ವೈವಾದಲ್ಲಿ, ಅಂದರೆ ಬಾಯಿಮಾತಿನ ಪರೀಕ್ಷೆಯಲ್ಲಿ, ಕೇಳೋದು ಬಹುತೇಕ ನಿಮ್ಮ ಪ್ರೋಗ್ರಾಂ ಬಗ್ಗೆಯೇ. "ಈ ಸಾಲು ತೆಗೆದರೆ ಏನಾಗುತ್ತೆ?" ಅಂತ ಕೇಳುತ್ತಾರೆ. ತಪ್ಪಿನ ಪುಸ್ತಕ ಇಟ್ಟವರು ಆ ಸಾಲನ್ನು ಮನೇಲಿ ಆಗಲೇ ತೆಗೆದು ನೋಡಿರುತ್ತಾರೆ. ಗೊತ್ತಿಲ್ಲದಿದ್ದರೆ "ರನ್ ಮಾಡಿ ನೋಡಬಹುದಾ ಸರ್?" ಅಂತ ಕೇಳಿ. ನಾನು ಪರೀಕ್ಷಕಿಯಾಗಿ ಹೋದಾಗ ಹಾಗೆ ಕೇಳಿದವರಿಗೆ ಯಾವತ್ತೂ ಬೇಡ ಅಂದಿಲ್ಲ.

ಫ್ಯಾಕ್ಟೋರಿಯಲ್ ಬಂದರೆ ಮಾತ್ರ ನನಗೊಂದು ಚಪಲ ಇದೆ. 5 ಕೊಟ್ಟು 120 ತೋರಿಸುತ್ತಾರೆ. "30 ಕೊಡಪ್ಪ" ಅನ್ನುತ್ತೇನೆ. ಪೈಥಾನಿನಲ್ಲಿ ಇಂಟ್‌ಗೆ ಆ ಹಳೇ ಡಬ್ಬಿ ಅಳತೆ ಇಲ್ಲ, 33 ಅಂಕಿಯ ಉದ್ದನೆಯ ಸಂಖ್ಯೆ ಸಲೀಸಾಗಿ ಬಂದು ನಿಲ್ಲುತ್ತದೆ. ಹುಡುಗರು ಅದು ತಪ್ಪೇನೋ ಅಂತ ನನ್ನ ಮುಖ ನೋಡುತ್ತಾರೆ.